ಹೊಸ ಋತುವಿನ ಹೊಸ್ತಿಲಲ್ಲಿ ಸಿಯಾಟಲ್ ಮ್ಯಾರಿನರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್ ಕಡೆ ನೆಲೆಸಿರುವ ಕನ್ನಡದ ಸ್ನೇಹಿತರಲ್ಲಿ ಬಹಳಷ್ಟು ಜನ ಕಳೆದ ಅಕ್ಟೋಬರ್‌ವರೆಗೂ ಬೇಸ್‌ಬಾಲ್ ಕಡೆ ತಲೆ ಹಾಕಿದವರಲ್ಲ. ಮ್ಯಾರಿನರ್ಸ್ ತಂಡ, ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಬಾಗಿಲವರೆಗೆ ಹೋಗಿ ಹಿಂದಿರುಗಿದ ಆ ದಿನಗಳಲ್ಲಿ ಊರಿಗೆ ಊರೇ ಟಿವಿ ಮುಂದೆ ಕೂತಿದ್ದನ್ನು ಕಂಡ ಮೇಲೆ ಅವರಿಗೂ ಆಸಕ್ತಿ ಹುಟ್ಟಿತು. 2026ರ ಋತು ಶುರುವಾಗುವ ಈ ಹೊತ್ತಿನಲ್ಲಿ ಅವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ, ಹದಿನೈದು ವರ್ಷಗಳಿಂದ ಈ ತಂಡವನ್ನೇ ನೋಡುತ್ತ ಬಂದಿರುವ ಅಭಿಮಾನಿಯಾಗಿ, ನನಗೆ ತಿಳಿದಷ್ಟನ್ನು ಇಲ್ಲಿ ಉತ್ತರಿಸಿದ್ದೇನೆ.

ಒಟ್ಟಾರೆಯಾಗಿ ಈ ವರ್ಷ ತಂಡ ಹೇಗಿದೆ?

ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಪಶ್ಚಿಮ ವಿಭಾಗವನ್ನು ಮತ್ತೊಮ್ಮೆ ಗೆಲ್ಲುವ ಶಕ್ತಿ ಈ ತಂಡಕ್ಕಿದೆ ಎಂದು ನಾನು ನಂಬಿದ್ದೇನೆ. ಆದರೆ ಮೊದಲ ಆರು ವಾರಗಳಲ್ಲಿ ಅದು ಅಂಕಪಟ್ಟಿಯಲ್ಲಿ ಕಾಣಿಸದೆ ಹೋಗಬಹುದು, ಕಾಣಿಸದಿದ್ದರೆ ಗಾಬರಿಯಾಗುವ ಅಗತ್ಯವೂ ಇಲ್ಲ. ನನ್ನ ನಿಜವಾದ ಆತಂಕ ಇರುವುದು ಪಿಚರ್‌ಗಳ (ಚೆಂಡು ಎಸೆಯುವವರ) ಭುಜ ಮತ್ತು ಮೊಣಕೈಗಳ ಬಗ್ಗೆ.

ಕಳೆದ ವರ್ಷ ಏನಾಯಿತು?

2025ರಲ್ಲಿ ತಂಡ 90 ಆಟ ಗೆದ್ದು 72 ಸೋತು, 2001ರ ನಂತರ ಮೊದಲ ಬಾರಿಗೆ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ಸೆಪ್ಟೆಂಬರ್‌ನಲ್ಲಿ ಸತತ ಹತ್ತು ಆಟ ಗೆದ್ದಿತು, ಆಮೇಲೆ ಹ್ಯೂಸ್ಟನ್‌ಗೇ ಹೋಗಿ ಆಸ್ಟ್ರೋಸ್ ತಂಡವನ್ನು ಮೂರಕ್ಕೆ ಮೂರೂ ಆಟಗಳಲ್ಲಿ ಸೋಲಿಸಿತು. ಪ್ಲೇಆಫ್‌ನಲ್ಲಿ (ಋತುವಿನ ನಂತರದ ನಾಕ್‌ಔಟ್ ಹಂತ) ತಾನಾಡಿದ ಮೊದಲ ಸರಣಿಯ ಐದನೆಯ ಆಟದಲ್ಲಿ ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ಹದಿನೈದು ಇನ್ನಿಂಗ್ಸ್ ಹೋರಾಡಿ, ಹೊರ್ಹೆ ಪೊಲಾಂಕೊ ಅವರ ಹೊಡೆತದಿಂದ 3-2ರಲ್ಲಿ ಗೆದ್ದ ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಬೇಗ ಮಲಗಿರಲಾರರು.

ಅದರ ಮುಂದಿನ ಸರಣಿಯಲ್ಲಿ ಟೊರೊಂಟೊಗೆ ಹೋಗಿ ಮೊದಲ ಎರಡು ಆಟ ಗೆದ್ದರು, ತಮ್ಮ ಮೈದಾನದಲ್ಲಿ ಎರಡು ಸೋತರು, ಐದನೆಯ ಆಟವನ್ನು ಯುಹೆನಿಯೊ ಸುವಾರೆಜ್ ಅವರ ಗ್ರ್ಯಾಂಡ್ ಸ್ಲ್ಯಾಮ್‌ನಿಂದ (ಒಂದೇ ಹೊಡೆತಕ್ಕೆ ನಾಲ್ಕು ರನ್) ಗೆದ್ದರು. ಏಳನೆಯ ಮತ್ತು ನಿರ್ಣಾಯಕ ಆಟದಲ್ಲಿ 3-1ರಿಂದ ಮುಂದಿದ್ದಾಗ, ಏಳನೆಯ ಇನ್ನಿಂಗ್ಸ್‌ನಲ್ಲಿ ಜಾರ್ಜ್ ಸ್ಪ್ರಿಂಗರ್ ಮೂರು ರನ್‌ಗಳ ಹೋಮ್ ರನ್ (ಚೆಂಡು ಗೋಡೆ ದಾಟುವ ಹೊಡೆತ) ಹೊಡೆದರು. ಆಟ 4-3ರಲ್ಲಿ ಕೈತಪ್ಪಿತು. ವರ್ಲ್ಡ್ ಸೀರೀಸ್‌ಗೆ ಇನ್ನು ಎಂಟೇ ಔಟ್ ಬೇಕಿತ್ತು.

ಈ ತಂಡ ವರ್ಲ್ಡ್ ಸೀರೀಸ್ ಒಮ್ಮೆಯೂ ಆಡಿಲ್ಲ ಎನ್ನುವುದು ನಿಜವೇ?

ನಿಜ. 1977ರಲ್ಲಿ ಹುಟ್ಟಿದ ಈ ತಂಡ ಒಮ್ಮೆಯೂ ಅಲ್ಲಿಗೆ ತಲುಪಿಲ್ಲ, ಮತ್ತು ಇಡೀ ಮೇಜರ್ ಲೀಗ್‌ನ ಮೂವತ್ತು ತಂಡಗಳಲ್ಲಿ ಹಾಗೆ ಉಳಿದಿರುವುದು ಇದೊಂದೇ.

ಮೊದಲ ತಿಂಗಳ ಅಂಕಪಟ್ಟಿ ನೋಡಿ ವರ್ಷದ ಗತಿಯನ್ನು ಹೇಳಬಹುದೇ?

ಹೇಳುವವರು ಇದ್ದಾರೆ, ಆದರೆ ಈ ತಂಡದ ಚರಿತ್ರೆಯೇ ಅದಕ್ಕೆ ಅಡ್ಡಿಯಾಗಿ ನಿಂತಿದೆ. ಮೂರು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

2001ರ ಏಪ್ರಿಲ್‌ನಲ್ಲಿ ಮ್ಯಾರಿನರ್ಸ್ 20 ಆಟ ಗೆದ್ದು ಐದು ಸೋತಿದ್ದರು. ಆ ವೇಗ ತಗ್ಗಲೇ ಇಲ್ಲ. ವರ್ಷದ ಕೊನೆಗೆ 116 ಗೆಲುವು ಕೂಡಿಸಿ, 1906ರಲ್ಲಿ ಷಿಕಾಗೊ ಕಬ್ಸ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿದರು. ಆರಂಭವೇ ಅಂತ್ಯವನ್ನು ಹೇಳಿದ ವರ್ಷ ಅದು. (ಪ್ಲೇಆಫ್‌ನಲ್ಲಿ ಯಾಂಕೀಸ್ ಎದುರು 4-1ರಿಂದ ಸೋತದ್ದು ಬೇರೆಯೇ ಸಂಕಟ.) ಅದಕ್ಕೆ ತದ್ವಿರುದ್ಧವಾದದ್ದು 1995. ಆ ವರ್ಷದ ಆಗಸ್ಟ್ ಆರಂಭದಲ್ಲಿ ತಂಡ ವಿಭಾಗದ ಎದುರಾಳಿ ಏಂಜಲ್ಸ್‌ಗಿಂತ 13 ಆಟಗಳಷ್ಟು ಹಿಂದಿತ್ತು. ಏಪ್ರಿಲ್ ಇರಲಿ, ಆಗಸ್ಟ್‌ನ ಪಟ್ಟಿ ನೋಡಿದವರೂ ಆಸೆ ಬಿಟ್ಟಿದ್ದರು. ಆದರೂ ಕೊನೆಗೆ ಇಬ್ಬರೂ ಸಮವಾಗಿ, ಒಂದೇ ಆಟದ ನಿರ್ಣಯದಲ್ಲಿ ಗೆದ್ದು, ಅಕ್ಟೋಬರ್ 8ರಂದು ಎಡ್ಗರ್ ಮಾರ್ಟಿನೆಜ್ ಅವರ ಡಬಲ್‌ನಿಂದ (ಎರಡನೆಯ ಬೇಸ್‌ವರೆಗೆ ತಲುಪಿಸುವ ಹೊಡೆತ) ಯಾಂಕೀಸ್ ತಂಡವನ್ನು ಮನೆಗೆ ಕಳಿಸಿದರು. ಈಗಿನ ಮ್ಯಾನೇಜರ್ ಡ್ಯಾನ್ ವಿಲ್ಸನ್ ಆ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಆಗಿದ್ದರು; 2001ರಲ್ಲೂ ಅವರೇ ಇದ್ದರು. ಎರಡೂ ಬಗೆಯ ವರ್ಷಗಳನ್ನು ಮೈದಾನದಲ್ಲೇ ನಿಂತು ಕಂಡವರು ಇಂದು ತಂಡದ ಹೊಣೆ ಹೊತ್ತಿರುವುದು ನನಗೆ ಸಮಾಧಾನದ ಸಂಗತಿ.

ಮೂರನೆಯದು 2024. ಜೂನ್ ಮಧ್ಯದಲ್ಲಿ ತಂಡ ಆಸ್ಟ್ರೋಸ್‌ಗಿಂತ ಹತ್ತು ಆಟ ಮುಂದಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಅಂತರವೆಲ್ಲ ಕರಗಿತು, ಆಗಸ್ಟ್‌ನಲ್ಲಿ ಮ್ಯಾನೇಜರ್ ಬದಲಾದರು, ಕೊನೆಗೆ ಪ್ಲೇಆಫ್ ಒಂದೇ ಆಟದಿಂದ ತಪ್ಪಿತು. ಅದಕ್ಕೂ ಹಿಂದಿನ ವರ್ಷ ತಪ್ಪಿದ್ದೂ ಒಂದೇ ಆಟದಿಂದ. ಏಪ್ರಿಲ್‌ನಲ್ಲಿ ಅಲಕ್ಷ್ಯದಿಂದ ಬಿಟ್ಟುಕೊಟ್ಟ ಒಂದು ಆಟಕ್ಕೂ ಸೆಪ್ಟೆಂಬರ್‌ನಲ್ಲಿ ಸೋತ ಆಟಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎನ್ನುವುದನ್ನು ಆ ಎರಡು ವರ್ಷಗಳು ನಮಗೆ ಕಲಿಸಿದವು.

ಹಾಗಾಗಿ ನಾನು ಹೇಳುವುದಿಷ್ಟು: ಏಪ್ರಿಲ್‌ನ ಗೆಲುವುಗಳು ಖಂಡಿತ ಲೆಕ್ಕಕ್ಕೆ ಬರುತ್ತವೆ, ಆದರೆ ತಂಡ ನಿಜಕ್ಕೂ ಎಷ್ಟು ಚೆನ್ನಾಗಿದೆ ಎಂಬುದನ್ನು ತಿಳಿಯಲು ಆ ಪಟ್ಟಿ ಸಾಲದು. ಋತುವಿನಲ್ಲಿ 162 ಆಟಗಳಿವೆ, ಮೊದಲ ತಿಂಗಳಲ್ಲಿ ಆಡುವುದು ಅದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಏಪ್ರಿಲ್‌ನಲ್ಲಿ ತಮ್ಮದೇ ಮೈದಾನದಲ್ಲಿ ಬ್ಯಾಟರ್‌ಗಳು ಒದ್ದಾಡುವುದೇಕೆ?

ಇದಕ್ಕೆ ಉತ್ತರ ಊರಿನ ಹವೆಯಲ್ಲಿದೆ. ಟಿ-ಮೊಬೈಲ್ ಪಾರ್ಕ್‌ಗೆ ಸರಿಯುವ ಚಾವಣಿ ಇದೆ ಎಂದ ಕೂಡಲೇ ಒಳಗೆ ಬೆಚ್ಚಗಿರುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಆ ಚಾವಣಿ ಮಳೆಯನ್ನು ತಡೆಯುವ ದೊಡ್ಡ ಕೊಡೆಯಂತಹದು. ಬದಿಗಳು ತೆರೆದೇ ಇರುವುದರಿಂದ ಸಮುದ್ರದ ಕಡೆಯ ತಣ್ಣನೆಯ ಗಾಳಿ ನೇರವಾಗಿ ಒಳಗೆ ಬರುತ್ತದೆ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರವಾಗಿರುವುದರಿಂದ ಚೆಂಡು ಜುಲೈನಲ್ಲಿ ಹೋಗುವಷ್ಟು ದೂರ ಏಪ್ರಿಲ್‌ನಲ್ಲಿ ಹೋಗುವುದಿಲ್ಲ. ರನ್ ಗಳಿಸಲು ಇದು ಇಡೀ ಲೀಗ್‌ನಲ್ಲೇ ಅತ್ಯಂತ ಕಠಿಣವಾದ ಮೈದಾನಗಳಲ್ಲಿ ಒಂದು.

ಕೆಲವು ವರ್ಷಗಳ ಹಿಂದೆ ಅಪ್ಪ ಊರಿನಿಂದ ಬಂದಿದ್ದಾಗ ಏಪ್ರಿಲ್‌ನ ಒಂದು ಸಂಜೆ ಅವರನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಸ್ವೆಟರ್ ಮೇಲೆ ಜಾಕೆಟ್ ಹಾಕಿ, ಮಂಕಿ ಕ್ಯಾಪ್ ಎಳೆದುಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಮ್ಮ ಬ್ಯಾಟರ್ ಒಬ್ಬರು ಚೆಂಡನ್ನು ಹೊಡೆದ ಸದ್ದಿಗೆ ಇಡೀ ಗ್ಯಾಲರಿ ಎದ್ದು ನಿಂತಿತು. ಅಪ್ಪ "ಹೋಯ್ತು, ಸಿಕ್ಸರ್!" ಎಂದರು. ಚೆಂಡು ಎತ್ತರಕ್ಕೆ ಏರಿ, ದೀಪಗಳ ಬೆಳಕಿನಲ್ಲಿ ಒಂದು ಕ್ಷಣ ನಿಂತಂತೆ ಕಂಡು, ಗೋಡೆಗೆ ನಾಲ್ಕು ಹೆಜ್ಜೆ ಈಚೆ, ಹುಲ್ಲು ಮುಗಿದು ಮಣ್ಣು ಶುರುವಾಗುವ ಕಡೆ ಕಾದು ನಿಂತಿದ್ದ ಫೀಲ್ಡರ್‌ನ ಗ್ಲೌಸ್‌ಗೆ ಇಳಿಯಿತು. ಆತ ಒಂದು ಹೆಜ್ಜೆಯನ್ನೂ ಹಿಂದಿಡಬೇಕಾಗಿ ಬರಲಿಲ್ಲ. ಅದೇ ಹೊಡೆತ ಆಗಸ್ಟ್‌ನಲ್ಲಾಗಿದ್ದರೆ ಗೋಡೆಯ ಆಚೆ ಬೀಳುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ಏಪ್ರಿಲ್‌ನಲ್ಲಿ ಬ್ಯಾಟರ್‌ನ ಅಂಕಿಗಳನ್ನು ನೋಡುವಾಗಲೆಲ್ಲ ನನಗೆ ಆ ಚೆಂಡು ನೆನಪಾಗುತ್ತದೆ.

ಕ್ಯಾಲ್ ರಾಲಿ ಈ ವರ್ಷವೂ 60 ಹೋಮ್ ರನ್ ಹೊಡೆಯುತ್ತಾರೆಯೇ?

ಹೊಡೆಯಲಿ ಎಂದು ನನ್ನ ಮನಸ್ಸು ಬಯಸುತ್ತದೆ, ಆದರೆ ಹಾಗೆ ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ. 2025ರಲ್ಲಿ ನಮ್ಮ ಕ್ಯಾಚರ್ ಆಗಿ 60 ಹೋಮ್ ರನ್ ಹೊಡೆದು ಅವರು ಮಾಡಿದ್ದು ಅಷ್ಟು ಅಪರೂಪದ ಸಾಧನೆ. ಕ್ಯಾಚರ್ ಒಬ್ಬರು ಒಂದು ಋತುವಿನಲ್ಲಿ ಹೊಡೆದ ಹೋಮ್ ರನ್‌ಗಳ ದಾಖಲೆ ಅದಕ್ಕೆ ಮುನ್ನ 48 ಇತ್ತು; ಎರಡೂ ಕಡೆಯಿಂದ ಬ್ಯಾಟ್ ಮಾಡುವವರಲ್ಲಿ ಮಿಕ್ಕಿ ಮ್ಯಾಂಟಲ್ 1961ರಲ್ಲಿ ಹೊಡೆದ 54 ದಾಖಲೆಯಾಗಿತ್ತು; ಈ ತಂಡದ ಮಟ್ಟಿಗೆ ಕೆನ್ ಗ್ರಿಫಿ ಜೂನಿಯರ್ ಅವರ 56 ಇತ್ತು. ಮೂರನ್ನೂ ಒಂದೇ ವರ್ಷದಲ್ಲಿ ದಾಟಿದರು.

ಒಂದು ಋತುವಿನಲ್ಲಿ 60 ಮುಟ್ಟಿದವರು ಚರಿತ್ರೆಯಲ್ಲಿ ಏಳೇ ಜನ, ರಾಲಿ ಏಳನೆಯವರು. ಮಿಕ್ಕವರು ಮಾರನೆಯ ವರ್ಷ ಏನು ಮಾಡಿದರು ನೋಡಿ: ಬೇಬ್ ರೂತ್ 1927ರಲ್ಲಿ 60, 1928ರಲ್ಲಿ 54. ರಾಜರ್ ಮ್ಯಾರಿಸ್ 61ರಿಂದ 33ಕ್ಕೆ ಇಳಿದರು. ಬ್ಯಾರಿ ಬಾಂಡ್ಸ್ 73ರಿಂದ 46ಕ್ಕೆ ಇಳಿದರು. ಆರನ್ ಜಡ್ಜ್ 2022ರಲ್ಲಿ 62 ಹೊಡೆದು, ಮಾರನೆಯ ವರ್ಷ ಕಾಲಿನ ಗಾಯದಿಂದ ಹಲವು ವಾರ ಹೊರಗುಳಿದು 37ಕ್ಕೆ ನಿಂತರು. ಬೆನ್ನು ಬೆನ್ನಿಗೆ 60 ದಾಟಿದವರು ಮಾರ್ಕ್ ಮ್ಯಾಗ್ವಾಯರ್ ಮತ್ತು ಸ್ಯಾಮಿ ಸೋಸಾ ಇಬ್ಬರೇ. ಇವರಲ್ಲಿ ಯಾರೂ ದಿನವೂ ಮೂರು ಗಂಟೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಮಾಡಿದವರಲ್ಲ. ರಾಲಿ ಕಳೆದ ವರ್ಷ 159 ಆಟ ಆಡಿದ್ದಾರೆ. 40 ಹೋಮ್ ರನ್ ಬಂದರೂ ಅದು ಕ್ಯಾಚರ್‌ಗೆ ಮಹಾ ಸಾಧನೆಯೇ. ಮೇ ತಿಂಗಳಲ್ಲಿ ಅವರ ಖಾತೆಯಲ್ಲಿ ಹತ್ತೇ ಇದ್ದರೆ ಅದನ್ನು ಕುಸಿತ ಎಂದು ಕರೆಯಬೇಡಿ.

ಹೂಲಿಯೊ ರೊಡ್ರಿಗೆಜ್ ಪ್ರತಿ ವರ್ಷ ನಿಧಾನವಾಗಿ ಶುರುಮಾಡುತ್ತಾರಲ್ಲ?

ಹೌದು, ಮತ್ತು ಅವರನ್ನು ಬಲ್ಲವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. 2022ರಲ್ಲಿ ಅವರು ಹೊಸದಾಗಿ ಬಂದಾಗ ಏಪ್ರಿಲ್ ಇಡೀ ಒಂದೂ ಹೋಮ್ ರನ್ ಬರಲಿಲ್ಲ. ಮೊದಲನೆಯದು ಮೇ 1ರಂದು ಮಯಾಮಿಯಲ್ಲಿ ಬಂತು. ಆ ವರ್ಷ ಅವರು ಮುಗಿಸಿದ್ದು 28 ಹೋಮ್ ರನ್, ಕದ್ದ 25 ಬೇಸ್‌ಗಳು (ಹೊಡೆತವಿಲ್ಲದೆಯೇ ಓಡಿ ಸೇರಿದ ಮುಂದಿನ ಬೇಸ್‌ಗಳು) ಮತ್ತು ವರ್ಷದ ಅತ್ಯುತ್ತಮ ಹೊಸ ಆಟಗಾರ ಎಂಬ ಪ್ರಶಸ್ತಿಯೊಂದಿಗೆ. ಕಳೆದ ವರ್ಷವೂ 30 ಹೋಮ್ ರನ್ ಮತ್ತು 30 ಬೇಸ್‌ಗಳ ಗಡಿಯನ್ನು ತಲುಪಿದರು.

ಇಲ್ಲೊಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬ್ಯಾಟರ್‌ಗೆ ಮೊದಲ ತಿಂಗಳಲ್ಲಿ ಸುಮಾರು ನೂರು ಅವಕಾಶ ಸಿಕ್ಕವು ಎಂದುಕೊಳ್ಳಿ. 25 ಹಿಟ್ ಬಂದರೆ ಸರಾಸರಿ .250, ಅಂದರೆ ಸಾಧಾರಣ. 30 ಬಂದರೆ .300, ಅಂದರೆ ತಾರೆ. ಸಾಧಾರಣ ಆಟಗಾರನಿಗೂ ತಾರೆಗೂ ಇರುವ ಅಂತರ ಇಡೀ ತಿಂಗಳಲ್ಲಿ ಐದೇ ಹಿಟ್. ಫೀಲ್ಡರ್‌ನ ಕೈಬೆರಳಿಗೆ ತಾಗಿ ಸಿಕ್ಕಿದ ಅಥವಾ ಸಿಗದೆ ಹೋದ ಐದು ಚೆಂಡುಗಳು.

ಸುವಾರೆಜ್, ಪೊಲಾಂಕೊ ಇಬ್ಬರೂ ಹೋದರು. ಬ್ಯಾಟಿಂಗ್ ಬಡವಾಗಲಿಲ್ಲವೇ?

ಸ್ವಲ್ಪ ಬಡವಾಯಿತು, ಒಪ್ಪುತ್ತೇನೆ. ಅಕ್ಟೋಬರ್‌ನ ಅತ್ಯಂತ ದೊಡ್ಡ ಹೊಡೆತಗಳಲ್ಲಿ ಎರಡು ಆ ಇಬ್ಬರ ಬ್ಯಾಟಿನಿಂದ ಬಂದವು. ಪೊಲಾಂಕೊ ಕಳೆದ ವರ್ಷ 26 ಹೋಮ್ ರನ್ ಹೊಡೆದಿದ್ದರು. ಆದರೆ ಜಾಶ್ ನೇಯ್ಲರ್ ಅವರನ್ನು ಐದು ವರ್ಷಗಳ ಒಪ್ಪಂದದಲ್ಲಿ ಉಳಿಸಿಕೊಂಡದ್ದು ಈ ಚಳಿಗಾಲದ ಅತ್ಯುತ್ತಮ ನಿರ್ಧಾರ ಎಂದು ನನ್ನ ಅಭಿಪ್ರಾಯ. ಅವರು ಸುಲಭಕ್ಕೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುವವರಲ್ಲ, ಮತ್ತು ವೇಗದ ಓಟಗಾರರಲ್ಲದಿದ್ದರೂ ಪಿಚರ್‌ನ ಚಲನೆಯನ್ನು ಓದಿ ಕಳೆದ ವರ್ಷ ಒಟ್ಟು 30 ಬೇಸ್ ಕದ್ದರು. ಸೇಂಟ್ ಲೂಯಿಸ್‌ನಿಂದ ಬಂದಿರುವ ಬ್ರೆಂಡನ್ ಡಾನೊವನ್ ಕೂಡ ಅದೇ ಜಾತಿಯ ಬ್ಯಾಟರ್: ದೊಡ್ಡ ಹೊಡೆತ ಕಡಿಮೆ, ಆದರೆ ಚೆಂಡಿಗೆ ಬ್ಯಾಟ್ ತಾಗಿಸುವುದರಲ್ಲಿ ನಿಪುಣ, ಹಲವು ಸ್ಥಾನಗಳಲ್ಲಿ ಆಡಬಲ್ಲವರು. ತಣ್ಣನೆಯ ಮೈದಾನದಲ್ಲಿ ಎಲ್ಲರೂ ಗೋಡೆ ದಾಟಿಸಲು ಹೋಗಿ ಸ್ಟ್ರೈಕ್‌ಔಟ್ ಆಗುತ್ತಿದ್ದ ಹಳೆಯ ಮ್ಯಾರಿನರ್ಸ್‌ಗಿಂತ ಈ ಜೋಡಣೆ ನನಗೆ ಹೆಚ್ಚು ಹಿಡಿಸುತ್ತದೆ.

ದೊಡ್ಡ ಹೆಸರುಗಳು ಹೋದವು ಎಂದು ಕೊರಗುವವರಿಗೆ 2001ನ್ನು ಮತ್ತೆ ನೆನಪಿಸುತ್ತೇನೆ. ಆ ಹೊತ್ತಿಗೆ ರ‍್ಯಾಂಡಿ ಜಾನ್ಸನ್, ಗ್ರಿಫಿ, ಅಲೆಕ್ಸ್ ರೊಡ್ರಿಗೆಜ್ ಮೂವರೂ ಒಬ್ಬರ ಹಿಂದೆ ಒಬ್ಬರು ತಂಡ ಬಿಟ್ಟಿದ್ದರು. ಬಂದವರು ಜಪಾನಿನಿಂದ ಇಚಿರೊ ಸುಜುಕಿ. ಇಲ್ಲಿಯವರಿಗೆ ಅವರ ಮೇಲೆ ಪೂರ್ತಿ ಭರವಸೆ ಇನ್ನೂ ಇರಲಿಲ್ಲ. ಏಪ್ರಿಲ್ 11ರಂದು ಓಕ್ಲೆಂಡ್‌ನಲ್ಲಿ, ಎದುರಾಳಿ ಓಟಗಾರ ಮೊದಲ ಬೇಸ್‌ನಿಂದ ಮೂರನೆಯದಕ್ಕೆ ಓಡಿದಾಗ, ಇಚಿರೊ ಬಲ ಮೈದಾನದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಮೂರನೆಯ ಬೇಸ್‌ಗೆ ಎಸೆದು ಔಟ್ ಮಾಡಿದರು. ಋತು ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ನೋಡಬೇಕಾದ್ದು ಇಂಥದನ್ನು: ಅಂಕಿಗಳಿನ್ನೂ ಬಾಯಿ ಬಿಡದಿದ್ದಾಗಲೂ ಒಂದು ಎಸೆತ ಆಟಗಾರನ ಯೋಗ್ಯತೆಯನ್ನು ತೋರಿಸಿಬಿಡುತ್ತದೆ.

ತಂಡದ ನಿಜವಾದ ಬಲ ಎಲ್ಲಿದೆ?

ಪಿಚಿಂಗ್‌ನಲ್ಲಿ. ಲೋಗನ್ ಗಿಲ್ಬರ್ಟ್, ಜಾರ್ಜ್ ಕರ್ಬಿ, ಬ್ರಯನ್ ವೂ, ಲೂಯಿಸ್ ಕಸ್ಟಿಯೊ, ಬ್ರೈಸ್ ಮಿಲ್ಲರ್ ಎಂಬ ಈ ಐವರೂ ಒಟ್ಟಿಗೆ ಆರೋಗ್ಯವಾಗಿದ್ದರೆ ಇದಕ್ಕಿಂತ ಉತ್ತಮವಾದ ಆರಂಭಿಕ ಪಿಚರ್‌ಗಳ ಸಾಲು ಲೀಗ್‌ನಲ್ಲಿ ಸಿಗುವುದು ಕಷ್ಟ. ಆಟದ ಕೊನೆಯ ಇನ್ನಿಂಗ್ಸ್‌ಗೆ ಆಂಡ್ರೆಸ್ ಮುನ್ಯೋಜ್ ಇದ್ದಾರೆ, ಕಳೆದ ವರ್ಷ 38 ಆಟಗಳನ್ನು ಭದ್ರವಾಗಿ ಮುಗಿಸಿದವರು. ಎಡಗೈ ರಿಲೀವರ್‌ನ (ಆಟದ ನಡುವೆ ಬರುವ ಪಿಚರ್) ಕೊರತೆ ತುಂಬಲು ವಾಷಿಂಗ್ಟನ್‌ನಿಂದ ಹೊಸೆ ಫೆರರ್ ಅವರನ್ನು ತಂದಿದ್ದಾರೆ. ಅವರಿಗಾಗಿ ಹ್ಯಾರಿ ಫೋರ್ಡ್ ಎಂಬ ಯುವ ಕ್ಯಾಚರ್‌ನನ್ನು ಬಿಟ್ಟುಕೊಟ್ಟದ್ದು ನನಗೆ ನೋವಿನ ವಿಷಯವಾದರೂ, ಏಳನೆಯ ಆಟದ ಏಳನೆಯ ಇನ್ನಿಂಗ್ಸ್ ನೋಡಿದವರಿಗೆ ಆ ಅಗತ್ಯ ಅರ್ಥವಾಗುತ್ತದೆ.

ಆದರೆ ಮೇಲಿನ ವಾಕ್ಯದಲ್ಲಿರುವ "ಆರೋಗ್ಯವಾಗಿದ್ದರೆ" ಎಂಬ ಮಾತೇ ಎಲ್ಲಕ್ಕಿಂತ ಭಾರವಾದದ್ದು. 2025ರಲ್ಲಿ ಕರ್ಬಿ ಭುಜದ ನೋವಿನಿಂದ ಋತುವನ್ನು ಹೊರಗೇ ಶುರುಮಾಡಿದರು, ಗಿಲ್ಬರ್ಟ್ ಏಪ್ರಿಲ್ ಕೊನೆಯಲ್ಲಿ ಕೈ ನೋವಿನಿಂದ ಹೊರಗೆ ಹೋದರು, ಮಿಲ್ಲರ್ ಮೊಣಕೈ ಕಾಡಿ ಹಲವು ವಾರ ಕಳೆದುಕೊಂಡರು. ಇಡೀ ವರ್ಷ ಆಧಾರವಾಗಿದ್ದ ವೂ, ಪ್ಲೇಆಫ್ ಹತ್ತಿರ ಬಂದಾಗ ಎದೆಯ ಸ್ನಾಯು ನೋವಿಗೆ ಸಿಕ್ಕರು. ಅದಕ್ಕೇ ಈ ವರ್ಷ ಮೊದಲ ವಾರಗಳಲ್ಲಿ ಗೆಲುವು ಸೋಲಿಗಿಂತ ಮುಂಚೆ ನಾನು ನೋಡುವುದು ಈ ಐವರ ಎಸೆತದ ವೇಗವನ್ನು. ಒಬ್ಬ ಪಿಚರ್‌ನ ವೇಗ ಕಳೆದ ವರ್ಷಕ್ಕಿಂತ ಗಂಟೆಗೆ ಎರಡು ಮೈಲಿ ಇಳಿದು, ಮೂರು ನಾಲ್ಕು ಆಟಗಳಾದರೂ ಮೇಲೇರದಿದ್ದರೆ, ಅವರು ಗೆಲ್ಲುತ್ತಿದ್ದರೂ ನನಗೆ ಚಿಂತೆ.

ಈ ವರ್ಷದ ಹೊಸ ನಿಯಮದಿಂದ ಲಾಭವೋ ನಷ್ಟವೋ?

ಅಂಪೈರ್ ಕೊಟ್ಟ ಬಾಲ್ (ಗಡಿಯ ಹೊರಗಿನ ಎಸೆತ) ಅಥವಾ ಸ್ಟ್ರೈಕ್ (ಗಡಿಯೊಳಗಿನ ಎಸೆತ) ತೀರ್ಪನ್ನು ಯಂತ್ರದ ಮೂಲಕ ಪ್ರಶ್ನಿಸುವ ಅವಕಾಶ ಈ ವರ್ಷದಿಂದ ಜಾರಿಗೆ ಬಂದಿದೆ. ಕ್ರಿಕೆಟ್‌ನ ಡಿಆರ್‌ಎಸ್ ಬಲ್ಲ ನಮಗೆ ಇದು ಹೊಸದೇನಲ್ಲ. ಪ್ರತಿ ತಂಡಕ್ಕೆ ಎರಡು ಅವಕಾಶ, ಪ್ರಶ್ನಿಸಿದ್ದು ಸರಿಯಾದರೆ ಅವಕಾಶ ಉಳಿಯುತ್ತದೆ. ಬ್ಯಾಟರ್, ಪಿಚರ್, ಕ್ಯಾಚರ್ ಮೂವರಲ್ಲಿ ಒಬ್ಬರು ತಕ್ಷಣ ತಲೆ ಮುಟ್ಟಿ ಕೇಳಬೇಕು, ಮ್ಯಾನೇಜರ್ ಕೇಳುವಂತಿಲ್ಲ.

ಗಡಿಯಲ್ಲಿ ಬಂದ ಚೆಂಡನ್ನು ನಯವಾಗಿ ಹಿಡಿದು ಸ್ಟ್ರೈಕ್‌ನಂತೆ ತೋರಿಸುವ ಕಲೆಯಲ್ಲಿ ರಾಲಿ ಪಳಗಿದವರು. ಆ ಕಲೆಯ ಬೆಲೆ ಸ್ವಲ್ಪ ತಗ್ಗುತ್ತದೆ. ಆದರೆ ಯಾವ ಚೆಂಡನ್ನು ಪ್ರಶ್ನಿಸಬೇಕು ಎಂಬುದನ್ನು ಪ್ಲೇಟ್ ಹಿಂದೆ ಕೂತವರಷ್ಟು ಚೆನ್ನಾಗಿ ಬೇರಾರೂ ಕಾಣಲಾರರು. ಕೊಟ್ಟದ್ದಕ್ಕಿಂತ ಪಡೆಯುವುದು ಹೆಚ್ಚಾದೀತು ಎಂದು ನನ್ನ ಅಂದಾಜು.

ವಿಭಾಗದಲ್ಲಿ ಎದುರಾಳಿ ಯಾರು?

ಹ್ಯೂಸ್ಟನ್ ಆಸ್ಟ್ರೋಸ್, ಯಾವತ್ತಿನಂತೆ. ಟೆಕ್ಸಸ್ ರೇಂಜರ್ಸ್ ತಂಡದ ಪಿಚಿಂಗ್ ಗಟ್ಟಿಯಾಗಿದೆ. ಸ್ಯಾಕ್ರಮೆಂಟೊದಲ್ಲಿ ತಾತ್ಕಾಲಿಕವಾಗಿ ಆಡುತ್ತಿರುವ ಅಥ್ಲೆಟಿಕ್ಸ್ ತಂಡದ ಯುವ ಬ್ಯಾಟರ್‌ಗಳನ್ನು ಹಗುರವಾಗಿ ಕಾಣುವಂತಿಲ್ಲ. ವಿಭಾಗದ ಪ್ರತಿ ತಂಡದ ಎದುರು 13 ಆಟಗಳಿರುವುದರಿಂದ ಈ 52 ಆಟಗಳಿಗೆ ಬೇರೆಯವಕ್ಕಿಂತ ತೂಕ ಹೆಚ್ಚು.

ಹಾಗಾದರೆ ಮೊದಲ ಮೂವತ್ತು ಆಟಗಳಲ್ಲಿ ಯಾವ ಅಂಕಿಯನ್ನು ನಂಬಬಹುದು?

ಬ್ಯಾಟಿಂಗ್ ಸರಾಸರಿಯನ್ನು ನಂಬಬೇಡಿ. ಬ್ಯಾಟರ್ ಎಷ್ಟು ಸಲ ಸ್ಟ್ರೈಕ್‌ಔಟ್ ಆಗುತ್ತಾನೆ, ಎಷ್ಟು ಸಲ ವಾಕ್ (ನಾಲ್ಕು ಬಾಲ್‌ಗೆ ಸಿಗುವ ಉಚಿತ ಮೊದಲ ಬೇಸ್) ಪಡೆಯುತ್ತಾನೆ ಎಂಬ ಪ್ರಮಾಣಗಳು ಬೇಗ ಸ್ಥಿರವಾಗುತ್ತವೆ, ಏಕೆಂದರೆ ಅವುಗಳಲ್ಲಿ ಫೀಲ್ಡರ್‌ನ ಪಾತ್ರವೂ ಇಲ್ಲ, ಅದೃಷ್ಟದ ಪಾಲೂ ಕಡಿಮೆ. ಪಿಚರ್‌ಗಳಿಗೂ ಇದೇ ಅಳತೆ.

ತಂಡದ ಮಟ್ಟಿಗೆ, ಗಳಿಸಿದ ರನ್ ಮತ್ತು ಬಿಟ್ಟುಕೊಟ್ಟ ರನ್‌ಗಳನ್ನು ಹೋಲಿಸಿ. ಬೇಸ್‌ಬಾಲ್ ಅಂಕಿಅಂಶಗಳ ತಜ್ಞ ಬಿಲ್ ಜೇಮ್ಸ್ ಹೇಳಿಕೊಟ್ಟ ಲೆಕ್ಕ ಸರಳವಾಗಿದೆ: ಗಳಿಸಿದ ರನ್‌ನ ವರ್ಗವನ್ನು ಎರಡೂ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡದ ನ್ಯಾಯವಾದ ಗೆಲುವಿನ ಪ್ರಮಾಣ ಸಿಗುತ್ತದೆ. ಮೂವತ್ತು ಆಟಗಳಲ್ಲಿ 130 ರನ್ ಗಳಿಸಿ 110 ಬಿಟ್ಟುಕೊಟ್ಟಿದ್ದರೆ ಆ ಪ್ರಮಾಣ .583, ಅಂದರೆ ಹದಿನೇಳು ಹದಿನೆಂಟು ಗೆಲುವು. ತಂಡ ಆಗ 14 ಮಾತ್ರ ಗೆದ್ದಿದ್ದರೆ ನಾನು ನಿಶ್ಚಿಂತನಾಗಿರುತ್ತೇನೆ. ಒಂದೊಂದೇ ರನ್‌ನಿಂದ ಸೋತ ಆಟಗಳು ಮುಂದೆ ನಮ್ಮ ಕಡೆಗೂ ಬೀಳುತ್ತವೆ. ರನ್ ಲೆಕ್ಕ ಕೆಳಗಿದ್ದು ಗೆಲುವು ಮಾತ್ರ ಮೇಲಿದ್ದರೆ ಆಗ ಜಾಗರೂಕನಾಗುತ್ತೇನೆ.

ಏಪ್ರಿಲ್‌ನಲ್ಲಿ ಮೊದಲ ಸಲ ಮೈದಾನಕ್ಕೆ ಹೋಗುವವರು ಏನು ಗಮನಿಸಬೇಕು?

ಆಟಕ್ಕೆ ಒಂದು ಗಂಟೆ ಮುಂಚೆಯೇ ಒಳಗೆ ಹೋಗಿ, ದಪ್ಪ ಜಾಕೆಟ್ ಇರಲಿ. ಎಡ ಮೈದಾನದ ಆಚೆ ಬುಲ್‌ಪೆನ್ ಇದೆ. ಅದರ ಬೇಲಿಯ ಪಕ್ಕದಲ್ಲೇ ನಿಂತು ಆ ದಿನದ ಪಿಚರ್ ಕೈ ಬಿಸಿ ಮಾಡಿಕೊಳ್ಳುವುದನ್ನು ನೋಡಬಹುದು. ಚೆಂಡನ್ನು ಹಿಂಬಾಲಿಸುವ ಬದಲು ಕ್ಯಾಚರ್‌ನ ಗ್ಲೌಸ್ ಮೇಲೆ ಕಣ್ಣಿಡಿ. ಅವರು ಇಟ್ಟ ಜಾಗಕ್ಕೇ ಚೆಂಡು ಬಂದು, ಗ್ಲೌಸ್ ಅಲುಗಾಡದೆ ಟಪ್ಪೆಂದು ಸದ್ದು ಮಾಡುತ್ತಿದ್ದರೆ ಪಿಚರ್ ಕೈ ಹಿಡಿತದಲ್ಲಿದೆ ಎಂದರ್ಥ. ಗ್ಲೌಸ್ ಪ್ರತಿ ಎಸೆತಕ್ಕೂ ಅತ್ತಿತ್ತ ಓಡುತ್ತಿದ್ದರೆ, ಪಿಚರ್ ಎಸೆದಾದ ಮೇಲೆ ಭುಜವನ್ನು ತಿರುವಿಕೊಳ್ಳುತ್ತಿದ್ದರೆ, ಅದನ್ನು ನೆನಪಿಟ್ಟುಕೊಂಡು ಐದು ದಿನಗಳ ನಂತರ ಅದೇ ಪಿಚರ್ ಮತ್ತೆ ಎಸೆಯುವಾಗ ಇನ್ನೊಮ್ಮೆ ನೋಡಿ.